ಸಹೋದರಿಯ ಸಹಿ ಇಲ್ಲದ ನಿವೇಶನ

ದಾವಣಗೆರೆಯಲ್ಲೋ ಹರಿಹರದಲ್ಲೋ ಕೂಡಿಟ್ಟ ಹಣದಿಂದ ನಿವೇಶನ ಕೊಂಡಿದ್ದೀರಿ. ಖಾತೆಯೂ ನಿಮ್ಮ ಹೆಸರಿಗಾಗಿದೆ. ಆಗ ಮಾರಿದವರ ಸಹೋದರಿ ಬಂದು, "ಇದು ನಮ್ಮ ತಂದೆಯ ಆಸ್ತಿ, ನನ್ನ ಸಹಿಯೇ ಇಲ್ಲ" ಎಂದರೆ?

ಖಾತೆಯೊಂದೇ ಒಡೆತನವನ್ನು ಸಾಬೀತುಪಡಿಸದು. ಇಬ್ಬರು ಗಂಡು, ಇಬ್ಬರು ಹೆಣ್ಣು ಮಕ್ಕಳಷ್ಟೇ ವಾರಸುದಾರರಾದರೆ ಶರೀಅತ್‌ನಂತೆ ಪ್ರತಿ ಮಗಳಿಗೆ ಆರರಲ್ಲಿ ಒಂದು ಪಾಲು. ಸಹೋದರರು ಮಾರಬಹುದಾದುದು ತಮ್ಮ ಪಾಲನ್ನು ಮಾತ್ರ. ಆದ್ದರಿಂದ ಆಕೆಯನ್ನು ಗದರಿಸಿ ಕಳುಹಿಸಬೇಡಿ.

ಹಳೆಯ ಕ್ರಯಪತ್ರ, ವಂಶವೃಕ್ಷ, ಋಣಭಾರ ಪತ್ರ ತೆಗೆಸಿ ವಕೀಲರಿಗೆ ತೋರಿಸಿ. ಹಕ್ಕು ನಿಜವಾದರೆ ಮಾರಿದವರಿಂದಲೇ ಆಕೆಗೆ ಹಣ ಕೊಡಿಸಿ, ಆಕೆಯ ಪಾಲಿನ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಿ. ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಲದು. ಅಲ್ಲಿಯವರೆಗೆ ಮನೆ ಕಟ್ಟಲು ಕೈ ಹಾಕಬೇಡಿ.

1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ನಿವೇಶನ ಕೊಂಡವರು ನೀವಾಗಿರಲಿ, ಪಾಲು ತಪ್ಪಿದ ಸಹೋದರಿ ನೀವಾಗಿರಲಿ, ಆ ಬಾಗಿಲು ಇಬ್ಬರಿಗೂ ತೆರೆದಿದೆ.