ಪಂಪಿಲ್ಲದೆ ತಿರುಗುವ ಎಣ್ಣೆ

ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆ ಹೊರಟರೆ ಹೊಲದ ಬದುವಿನಲ್ಲಿ ಟ್ರಾನ್ಸ್‌ಫಾರ್ಮರುಗಳು ಕಾಣುತ್ತವೆ. ರೈತರ ಬಾಯಲ್ಲಿ ಅದು ಡೀಪಿ. ಬೇಸಿಗೆಯಲ್ಲಿ ಬಾವಿಯ ಮೋಟಾರುಗಳೆಲ್ಲ ಒಟ್ಟಿಗೆ ಚಾಲೂ ಆದಾಗ ಅದನ್ನು ಉಳಿಸುವುದು ಒಳಗಿನ ಎಣ್ಣೆ. ತಂತಿಸುರುಳಿಯ ಬಳಿ ಕಾದ ಎಣ್ಣೆ ಹಗುರಾಗಿ ಮೇಲೇರುತ್ತದೆ. ಪಕ್ಕದ ಕೊಳವೆಗಳಲ್ಲಿ ಗಾಳಿಗೆ ತಣಿದು, ಭಾರವಾಗಿ ಕೆಳಗಿಳಿಯುತ್ತದೆ. ಪಂಪಿಲ್ಲ, ಫ್ಯಾನಿಲ್ಲ. ಈ ತಿರುಗಾಟ ಮಂದವಾದರೆ ಸುರುಳಿಗೆ ಸುತ್ತಿದ ಕಾಗದ ಬೇಗ ಹಳಸುತ್ತದೆ. 6 ಡಿಗ್ರಿ ಏರಿದರೆ ಹಳಸುವ ವೇಗ ಹೆಚ್ಚುಕಡಿಮೆ ಇಮ್ಮಡಿ.

ಈ ತಿರುಗಾಟಕ್ಕೆ ಸಹಜ ಸಂವಹನ ಎಂದು ಹೆಸರು. ಕಾದ ದ್ರವ ತಾನಾಗಿ ತಿರುಗುವುದನ್ನು 1900ರಲ್ಲಿ ಫ್ರಾನ್ಸಿನ ಆನ್ರಿ ಬೆನಾರ್ ಕಣ್ಣಿಗೆ ಕಾಣುವಂತೆ ಮಾಡಿದ. ತಿಮಿಂಗಿಲದ ಮೇಣವನ್ನು ತೆಳುವಾಗಿ ಹರಡಿ ಕೆಳಗಿನಿಂದ ಕಾಯಿಸಿದಾಗ ಅದು ಜೇನುಹುಟ್ಟಿನಂತೆ ಆರು ಮೂಲೆಯ ಮನೆಗಳಾಗಿ ಒಡೆಯಿತು. 1916ರಲ್ಲಿ ಲಾರ್ಡ್ ರ‍್ಯಾಲಿ ಲೆಕ್ಕ ಕಟ್ಟಿದ. ದ್ರವವನ್ನು ಎತ್ತುವ ಬಲ ಒಂದು ಕಡೆ. ಅದನ್ನು ತಡೆಯುವ ಸ್ನಿಗ್ಧತೆ, ಬಿಸಿಯನ್ನು ಹಂಚಿಬಿಡುವ ಉಷ್ಣವಹನ ಇನ್ನೊಂದು ಕಡೆ. ಮೊದಲನೆಯದು ಮಿತಿ ದಾಟಿದರೆ ಮಾತ್ರ ದ್ರವ ತಿರುಗುತ್ತದೆ.

ತಾಮ್ರ ಡೀಪಿಯ ಎಣ್ಣೆಗಿಂತ ಸುಮಾರು 3,000 ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಅದರ ನ್ಯಾನೋ ಪುಡಿಯನ್ನು ದ್ರವಕ್ಕೇ ಬೆರೆಸಿದರೆ? 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸ್ಟೀಫನ್ ಚೋಯ್ ಇಂಥ ಮಿಶ್ರಣಕ್ಕೆ ನ್ಯಾನೋದ್ರವ ಎಂದು ಹೆಸರಿಟ್ಟರು. 2001ರಲ್ಲಿ ಅವರಿದ್ದ ತಂಡ ಎಥಿಲೀನ್ ಗ್ಲೈಕಾಲಿಗೆ ಗಾತ್ರದಲ್ಲಿ ಸುಮಾರು ಶೇ 0.3ರಷ್ಟು ತಾಮ್ರ ಸೇರಿಸಿ, ಉಷ್ಣವಹನ ಶೇ 40ರವರೆಗೆ ಏರಿದ್ದನ್ನು ವರದಿ ಮಾಡಿತು.

ಕಥೆ ತಿರುವು ಪಡೆದದ್ದು 2003ರಲ್ಲಿ. ಖಾನಾಫರ್, ವಾಫಾಯ್, ಲೈಟ್‌ಸ್ಟೋನ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಕಣ ಹೆಚ್ಚಿದಷ್ಟೂ ಸಹಜ ಸಂವಹನ ಹೆಚ್ಚಿನ ಬಿಸಿ ಸಾಗಿಸುತ್ತದೆ ಎಂದರು. ಅದೇ ವರ್ಷ ಐಐಟಿ ಮದ್ರಾಸಿನ ಸರಿತ್ ಕುಮಾರ್ ದಾಸ್ ಅವರಿದ್ದ ತಂಡ, ಅಲ್ಯುಮಿನಿಯಂ ಮತ್ತು ತಾಮ್ರದ ಆಕ್ಸೈಡ್ ಬೆರೆಸಿದ ನೀರನ್ನು ಅಡ್ಡ ಕೊಳವೆಯಲ್ಲಿಟ್ಟು ಅಳೆಯಿತು. ಕಣ ಹೆಚ್ಚಿದಂತೆ ಬಿಸಿ ಸಾಗುವುದು ಕಡಿಮೆಯೇ ಆಯಿತು! ಇಡೀ ವಿಷಯದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಅಳತೆಗೆ. ಕಣಗಳು ಉಷ್ಣವಹನದ ಜೊತೆಗೆ ಸ್ನಿಗ್ಧತೆಯನ್ನೂ ಏರಿಸುತ್ತವೆ. ರ‍್ಯಾಲಿಯ ಲೆಕ್ಕದಲ್ಲಿ ಇವೆರಡೂ ತಿರುಗಾಟಕ್ಕೆ ಅಡ್ಡಗಾಲು. ಪಂಪಿದ್ದರೆ ದ್ರವವನ್ನು ನೂಕಿ ಗೆಲ್ಲಬಹುದು, ಡೀಪಿಯಲ್ಲಿ ನೂಕುವವರಿಲ್ಲ.

2006ರಲ್ಲಿ ಎಂಐಟಿಯ ಬುವೊಂಜೋರ್ನೊ ಕಣಗಳನ್ನು ದ್ರವದಿಂದ ಬೇರೆಯಾಗಿ ಕಂಡರು: ಅವು ತಾವಾಗಿ ಅಲೆಯುತ್ತವೆ, ಬಿಸಿಯಿಂದ ತಂಪಿನ ಕಡೆ ಸರಿಯುತ್ತವೆ. ಸಂವಹನದ ಗಣಿತ ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎನ್. ರುದ್ರಯ್ಯ ಅದರ ಅಧ್ಯಯನಕ್ಕೆ ದೊಡ್ಡ ಪರಂಪರೆಯನ್ನೇ ಕಟ್ಟಿದ್ದರು. ಅಲ್ಲಿಯವರೇ ಆಗಿದ್ದ ಪಿ.ಜಿ. ಸಿದ್ಧೇಶ್ವರ್, ಸಂಗಡಿಗರೊಂದಿಗೆ 2017ರಲ್ಲಿ ದ್ರವ ಮತ್ತು ಕಣಗಳನ್ನು ಬೇರೆ ಬೇರೆಯಾಗಿ ಲೆಕ್ಕಕ್ಕೆ ತಂದು, ಹೆಚ್ಚಿನ ಬಿಸಿ ಸಾಗುವುದು ಯಾವಾಗ ಸಾಧ್ಯವೆಂದು ವಿವರಿಸಿದರು.

ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಮ್ಯಾಗ್ನೆಟೈಟ್ ಕಣ ಬೆರೆಸಿದ ಪ್ರಯೋಗ 1998ರಲ್ಲೇ ಪ್ರಕಟವಾಗಿದೆ. ಕಾಂತಗುಣವುಳ್ಳ ಆ ಎಣ್ಣೆ ಕಾದಂತೆ ಕಾಂತತ್ವ ಕಳೆದುಕೊಳ್ಳುವುದರಿಂದ, ಸುರುಳಿಯ ಕ್ಷೇತ್ರವೇ ತಂಪಾದ ಎಣ್ಣೆಯನ್ನು ಒಳಕ್ಕೆ ಸೆಳೆಯಬಲ್ಲದು. ನೂಕುವವರಿಲ್ಲದ ಡೀಪಿಗೆ ನನಗೆ ಭರವಸೆ ಕಾಣುವುದು ಈ ದಾರಿಯಲ್ಲಿ. ಆದರೆ ಡೀಪಿ ಹತ್ತಾರು ವರ್ಷ ಬಾಳಬೇಕಾದದ್ದು. ಅಷ್ಟು ಕಾಲ ಕಣಗಳು ಗಂಟುಕಟ್ಟದೆ, ತಳಕ್ಕಿಳಿಯದೆ ಎಣ್ಣೆಯಲ್ಲೇ ತೇಲುತ್ತಿರಬೇಕು. ಅದನ್ನು ತಣ್ಣನೆಯ ಪ್ರಯೋಗಾಲಯದಲ್ಲಲ್ಲ, ಸೊಲ್ಲಾಪುರದ ಬಿಸಿಲಿನಲ್ಲೇ ಅಳೆಯಬೇಕು.