ಮರದ ನೆತ್ತಿಯ ಕೆಳಗೆ ನೆಲ ಎಲ್ಲಿದೆ?

ದೂರದಿಂದ ನೋಡಿದರೆ ಕುದುರೆಮುಖ ಬರೀ ಹಸಿರು. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಬಿಡಿಸಿ, ಮೈತುಂಬ ಕಂದು ಗೆರೆ! ಒಂದೊಂದು ಗೆರೆಯೂ ಒಂದೇ ಎತ್ತರದ ಜಾಗಗಳನ್ನು ಜೋಡಿಸುತ್ತದೆ. 1:50,000 ನಕ್ಷೆಯಲ್ಲಿ ಗೆರೆಯಿಂದ ಗೆರೆಗೆ ಸಾಮಾನ್ಯವಾಗಿ 20 ಮೀಟರ್ ಏರು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ಏರಿನ ಕಡೆಗೆ ಮೊನೆಯಾಗಿ ಬಾಗಿದ್ದರೆ ಅಲ್ಲೊಂದು ಹಳ್ಳ. ಆ ಮಡಿಕೆಗಳಲ್ಲೇ ಶೋಲಾ ಕಾಡು ಬೆಳೆಯುವುದು.

ತೊಡಕಿರುವುದೂ ಅಲ್ಲೇ. ಗೆರೆ ಎಳೆಯಲು ನೆಲದ ಎತ್ತರ ಗೊತ್ತಿರಬೇಕು; ವಿಮಾನದಿಂದ ತೆಗೆದ ಫೋಟೋಗೆ ಕಾಣುವುದು ಮರದ ನೆತ್ತಿ, ನೆಲವಲ್ಲ. 2000ರಲ್ಲಿ ನಾಸಾದ ಸ್ಪೇಸ್ ಶಟಲ್ ರೇಡಾರ್‌ನಿಂದ ಭೂಮಿಯ ಎತ್ತರ ಅಳೆದಾಗಲೂ ದಟ್ಟ ಕಾಡಿನಲ್ಲಿ ಲೆಕ್ಕ ನೆಲಕ್ಕಿಂತ ಮೇಲೆಯೇ ನಿಂತಿತು. ಲೇಸರ್‌ನಿಂದ ಎತ್ತರ ಅಳೆಯುವ ಲೈಡಾರ್ ಹಾಗಲ್ಲ. ಎಲೆಗಳ ಸಂದಿಯಲ್ಲಿ ತೂರಿದ ಲೇಸರ್ ಬೆಳಕು ಸ್ವಲ್ಪವಾದರೂ ನೆಲ ಮುಟ್ಟಿ ವಾಪಸಾಗುತ್ತದೆ.

ಇಷ್ಟು ಕರಾರುವಾಕ್ಕು ಯಾಕೆ ಬೇಕು? 1:50,000 ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ಗಡಿಗೆರೆ ಅಷ್ಟೇ ಅಷ್ಟು ಜರುಗಿದರೂ ಒಂದು ಶೋಲಾ ಹೊರಗುಳಿಯಬಹುದು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಬೆಟ್ಟಸಾಲು ಇದು. ಇಲ್ಲಿ ಅಂದಾಜು ಸಾಲದು.

ಟೋಪೋಶೀಟ್‌ಗಳು ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲೇ ಸಿಗುತ್ತವೆ. ನಿಮ್ಮೂರಿನ ಹಾಳೆ ತೆರೆದು, ಊರ ಹಳ್ಳ ಯಾವ ಗೆರೆಯಲ್ಲಿ ಹುಟ್ಟುತ್ತದೆ ಹುಡುಕಿ.