ವಿಷಾನಿಲ, ಅಣುವಸ್ತು ಉಗ್ರರ ಕೈಸೇರದಂತೆ ಕಾಯುವವರು ಯಾರು?

ಪ್ರಶ್ನೆ: ಅಣುಬಾಂಬು, ವಿಷಾನಿಲ ಉಗ್ರರ ಕೈಗೆ ಸಿಗದಂತೆ ಜಗತ್ತು ಏನು ಮಾಡಿದೆ? ನಮ್ಮ ರಾಜ್ಯಕ್ಕೂ ಇದಕ್ಕೂ ಸಂಬಂಧವಿದೆಯೇ?
– ಓದುಗರೊಬ್ಬರು, ನಂದಿಗುಡಿ, ಹರಿಹರ ತಾಲ್ಲೂಕು

ಉತ್ತರ: 1995ರ ಮಾರ್ಚ್ 20ರಂದು ಜಪಾನಿನ ಓಂ ಶಿನ್ರಿಕ್ಯೊ ಪಂಥದವರು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ವಿಷಾನಿಲ ಹರಡಿದರು. 12ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಅಸ್ವಸ್ಥರಾದರು. ಆ ವಿಷವನ್ನು ಅವರು ಯಾವ ಸೈನ್ಯದಿಂದಲೂ ಕದ್ದಿರಲಿಲ್ಲ, ತಾವೇ ತಯಾರಿಸಿದ್ದರು. ಇಂಥ ಅಸ್ತ್ರಗಳನ್ನು ತಡೆಯುವ ಒಪ್ಪಂದಗಳೆಲ್ಲ ಮುಖ್ಯವಾಗಿ ಸರ್ಕಾರಗಳನ್ನು ಗಮನದಲ್ಲಿಟ್ಟು ರೂಪುಗೊಂಡಿದ್ದವು. ಗುಂಪುಗಳನ್ನು ತಡೆಯುವುದು ಹೇಗೆ?

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2004ರ ಏಪ್ರಿಲ್ 28ರಂದು 1540ನೇ ನಿರ್ಣಯ ಅಂಗೀಕರಿಸಿತು. ಇಂಥ ಗುಂಪುಗಳಿಗೆ ಅಣು, ರಾಸಾಯನಿಕ, ಜೈವಿಕ ಅಸ್ತ್ರ ಸಿಗದಂತೆ ಪ್ರತಿ ದೇಶವೂ ಕಾನೂನು ಮಾಡಲೇಬೇಕು, ಅಪಾಯಕಾರಿ ವಸ್ತುಗಳ ಲೆಕ್ಕ, ಕಾವಲು, ರಫ್ತಿನ ಮೇಲೆ ಹಿಡಿತ ಇಡಲೇಬೇಕು ಎಂದಿತು. ಭಾರತ 2005ರಲ್ಲೇ ಕಾಯ್ದೆ ತಂದಿತು. 2022ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಇಂಥ ಅಸ್ತ್ರಗಳಿಗೆ ಹಣ ಒದಗಿಸುವುದೂ ಅಪರಾಧವಾಯಿತು.

ಕರ್ನಾಟಕದ ಮಟ್ಟಿಗೆ ಮರೆಯಬಾರದ ಹೆಸರು ಕೈಗಾ.

2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಆ ಅಣುಸ್ಥಾವರದ ಹತ್ತಾರು ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತುವಿನ ಪ್ರಮಾಣ ಹೆಚ್ಚಾಗಿ ಕಂಡಿತು. ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿತ್ತು. ಒಳಗಿನವರದೇ ಕೃತ್ಯವಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಅದು ಭಯೋತ್ಪಾದನೆಯಲ್ಲ. ಆದರೆ ಗೇಟಿನ ಬಂದೂಕುಧಾರಿ ಒಳಗಿನ ಕೈಯನ್ನು ತಡೆಯಲಾರ ಎಂಬುದನ್ನು ಆ ಘಟನೆ ನೆನಪಿಸಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ಒಳಗಿನವರಿಂದ ಬರುವ ಅಪಾಯವನ್ನು ಪ್ರತ್ಯೇಕವಾಗಿಯೇ ಪರಿಗಣಿಸುತ್ತದೆ. ನಿರ್ಣಯ, ಕಾಯ್ದೆ ಎರಡೂ ಬೇಕು. ಸ್ಥಾವರದೊಳಗಿನ ನಿತ್ಯದ ತಪಾಸಣೆ ಅವಕ್ಕಿಂತ ಹೆಚ್ಚು ಬೇಕು.